ರಾಜಾಶ್ರಯವೂ ಲೋಕಾಶ್ರಯವೂ
(ಕಡಕೊಳದಲ್ಲಿ ಸೇರಿದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯ ಮುಂದೆ ಇಂದು ಒಂದು ಗೊತ್ತುವಳಿ ಬರಲಿದೆಯೆಂದು ಕಾರ್ಯದರ್ಶಿಗಳು ನಮಗೆ ಮುಂಚಿತವಾಗಿಯೇ ತಿಳಿಸಿರುವರು. ಕಡಕೊಳಕ್ಕೆ ಸರ್ಕಾರವು ಒಂದು ಕಲಾಮಂದಿರವನ್ನು ಕಟ್ಟಿಸಿಕೊಡಬೇಕು, ಅಲ್ಲಿ ವರ್ಷಕ್ಕೆ ಇಷ್ಟು ನಾಟಕ, ಇಷ್ಟು ಸಂಗೀತಕಚೇರಿಗಳನ್ನು ಸರ್ಕಾರದ ವೆಚ್ಚದಲ್ಲಿಯೇ ನಡೆಸಬೇಕು ಎಂಬುದು ಆ ಗೊತ್ತುವಳಿಯ ತಾತ್ಪರ್ಯ. ಕೋರಿಕೆಯು ಅನ್ಯಾಯವಾದುದಲ್ಲ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿ, ರೈಲುದಾರಿ ಎರಡೂ ಈ ಊರನ್ನು ಮುಟ್ಟಿಯೇ ಹೋಗುತ್ತವೆ. ಕಾರ್ಖಾನೆಗಳು ಬಂದಿವೆ, ಸರಕಿನ ಪೆಟ್ಟಿಗೆಗಳನ್ನು ತುಂಬುವ ದೊಡ್ಡ ನಿಲ್ದಾಣ ಬಂದಿದೆ, 2020ರಲ್ಲಿ ಊರು ಪಟ್ಟಣ ಪಂಚಾಯಿತಿಯೂ ಆಯಿತು. ದುಡಿಮೆಗೆ ಸ್ಥಳವಾದ ಊರಿನಲ್ಲಿ ದುಡಿದು ದಣಿದ ಮನಸ್ಸಿಗೆ ಸ್ಥಳವಿಲ್ಲದಿರುವುದು ಕೊರತೆಯೇ ಸರಿ. ಆದರೆ ಆ ಗೊತ್ತುವಳಿಗೆ ಒಂದು ತಿದ್ದುಪಡಿಯನ್ನು ಸೂಚಿಸಬೇಕೆಂದು ನಮ್ಮ ಮನಸ್ಸು ಹೇಳುತ್ತಿರುವುದು. ಆ ತಿದ್ದುಪಡಿ ಏನು, ಏಕೆ ಎಂಬುದನ್ನು ತಮ್ಮ ಮುಂದೆ ನಿವೇದಿಸಿ, ತೀರ್ಮಾನವನ್ನು ತಮಗೇ ಬಿಡುವೆವು.

ನಮ್ಮ ನಾಡಿನಲ್ಲಿ ಕಲೆಗೆ ಎರಡು ಬಗೆಯ ಆಶ್ರಯಗಳು ದೊರೆತಿವೆ. ಒಂದು ರಾಜಾಶ್ರಯ, ಇನ್ನೊಂದು ಲೋಕಾಶ್ರಯ. ಮೈಸೂರು ಸೀಮೆಯವರಾದ ನಮಗೆ ರಾಜಾಶ್ರಯದ ವಿಷಯವನ್ನು ಯಾರೂ ಕಲಿಸಬೇಕಾಗಿಲ್ಲ. ವೀಣೆ ಶೇಷಣ್ಣನವರು, ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು ಅರಮನೆಯ ಆಸ್ಥಾನವನ್ನು ಬೆಳಗಿದವರು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅರಮನೆಯ ನಾಟಕ ಮಂಡಳಿಗೆಂದು ಬಸವಪ್ಪಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿದರು. ಇವೆಲ್ಲ ಮೈಸೂರಿನ ಹಿರಿಮೆ, ಅಲ್ಲಗಳೆಯುವವರು ಕೃತಘ್ನರು. ಈ ಹಿರಿಮೆಯ ಬೆಳಕಿನಲ್ಲಿ ಇನ್ನೊಂದು ಹಿರಿಮೆಯು ನಮ್ಮ ಕಣ್ಣಿಗೆ ಮಸುಕಾಗಿದೆಯೆಂಬುದೇ ನಮ್ಮ ಕೊರಗು. ಯಾವ ಆಸ್ಥಾನವೂ ಕೇಳದೆ, ಯಾವ ಇಲಾಖೆಯೂ ಆಜ್ಞಾಪಿಸದೆ, ತಮಗೇ ತೋರಿ ತಾವೇ ಮಾಡಿದವರು ಈ ಸೀಮೆಯಲ್ಲಿಯೇ ಇದ್ದರು. ದೂರದ ಉದಾಹರಣೆಗಳನ್ನು ಮೊದಲು ಹುಡುಕುವುದು ಬೇಡ. ಈ ಊರಿನ ದಕ್ಷಿಣಕ್ಕೊಮ್ಮೆ, ಉತ್ತರಕ್ಕೊಮ್ಮೆ ನೋಡಿದರೆ ಸಾಕು.

ದಕ್ಷಿಣಕ್ಕೆ ನಂಜನಗೂಡು. ಅಲ್ಲಿ 1887ರಲ್ಲಿ ತಿರುಮಲಾಂಬೆ ಎಂಬ ಹೆಣ್ಣುಮಗಳು ಹುಟ್ಟಿದಳು. ಅಂದಿನ ರೂಢಿಯಂತೆ ಎಳವೆಯಲ್ಲೇ ಮದುವೆ; ಎಳವೆಯಲ್ಲೇ ವೈಧವ್ಯ. ಅಂಥವರಿಗೆ ಆ ಕಾಲದ ಸಮಾಜವು ಒಂದು ಮೂಲೆಯನ್ನು ಬಿಟ್ಟು ಬೇರೇನನ್ನೂ ಕೊಡುತ್ತಿರಲಿಲ್ಲ. ಆಕೆ ಆ ಮೂಲೆಯಲ್ಲಿ ಕುಳಿತು ಓದಿದರು, ಬರೆದರು. 1910ರ ದಶಕದಲ್ಲಿ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ಹೊರಡಿಸಿದರು; ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನು ತಾವೇ ನಡೆಸಿದರು. ಕನ್ನಡದಲ್ಲಿ ಮಹಿಳೆಯೊಬ್ಬರು ಸಂಪಾದಿಸಿದ ಮೊದಲ ಪತ್ರಿಕೆಗಳ ಸಾಲಿನಲ್ಲಿ ಅದರ ಹೆಸರು ಮೊದಲು ಬರುವುದು. ನಂಜನಗೂಡಿನ ಒಬ್ಬ ವಿಧವೆಗೆ ಯಾವ ಸರ್ಕಾರ ಸಹಾಯಮಾಡಿತ್ತು? ಓದುವ ಹೆಣ್ಣುಮಕ್ಕಳು ಇಲ್ಲಿ ಒಬ್ಬರು, ಅಲ್ಲಿ ಒಬ್ಬರು ಇದ್ದರು. ಅವರೇ ಆಕೆಯ ಬಂಡವಾಳ. ಆದರೆ ಕತೆಯ ಕೊನೆಯನ್ನೂ ಹೇಳಬೇಕು. ಆ ಗ್ರಂಥಮಾಲೆ ನಿಂತಿತು, ಪತ್ರಿಕೆ ನಿಂತಿತು. ಆಕೆ 1982ರವರೆಗೆ ಬದುಕಿದ್ದರೂ ದಶಕಗಳ ಕಾಲ ಕನ್ನಡಿಗರು ಆಕೆಯನ್ನು ಮರೆತೇಬಿಟ್ಟಿದ್ದರು. ಏಕೆ? ಆಕೆಯ ಹಿಂದೆ ಶ್ರದ್ಧೆಯಿತ್ತು, ಸಂಘವಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಇದೇ ನಮ್ಮ ವಾದದ ಕೀಲಾಗಲಿದೆ.

ಇನ್ನು ಉತ್ತರಕ್ಕೆ ಮೈಸೂರು. ಅಲ್ಲಿಯ ಶಿವರಾಂಪೇಟೆಯಲ್ಲಿ ಪ್ರಸನ್ನ ಸೀತಾರಾಮ ಮಂದಿರವಿದೆ. ಅದನ್ನು ಕಟ್ಟಿದವರು ಬಿಡಾರಂ ಕೃಷ್ಣಪ್ಪನವರು. ಕರಾವಳಿ ಸೀಮೆಯಿಂದ ಬಂದು ಮೈಸೂರಿನಲ್ಲಿ ನೆಲೆಸಿದ ಗಾಯಕರು, ಆಸ್ಥಾನ ವಿದ್ವಾಂಸರು. ಕಚೇರಿಗಳಲ್ಲಿ ದಾಸರ ದೇವರನಾಮಗಳಿಗೆ ಹಿರಿಯ ಸ್ಥಾನವನ್ನು ಕೊಟ್ಟು ಹಾಡಿದ ಮಹನೀಯರು. ಅವರಿಗೆ ಅರಮನೆಯ ಮನ್ನಣೆ ಇದ್ದಿತು. ಅಷ್ಟರಲ್ಲಿಯೇ ತೃಪ್ತರಾಗಿದ್ದರೆ ಅವರ ಬಾಳು ಸುಖವಾಗಿಯೇ ಕಳೆಯುತ್ತಿತ್ತು. ಆದರೆ ಅರಮನೆಯ ಸಂಗೀತವನ್ನು ಕೇಳುವವರು ಅರಮನೆಗೆ ಕರೆಯಿಸಿಕೊಂಡವರು ಮಾತ್ರ. ಬೀದಿಯಲ್ಲಿ ಹೋಗುವವನೂ ಒಳಗೆ ಬಂದು ಕುಳಿತು ಕೇಳುವಂಥ ಒಂದು ಸ್ಥಳವಿರಬೇಕೆಂದು ತಮ್ಮ ಗಳಿಕೆಯನ್ನು ಸುರಿದು, ಸಾಲದುದಕ್ಕೆ ಜನರಲ್ಲಿ ಕೈಯೊಡ್ಡಿ ಆ ಮಂದಿರವನ್ನು ಎಬ್ಬಿಸಿದರು. ನಮ್ಮ ನೆರೆಯ ತಿರುಮಕೂಡಲಿನ ಚೌಡಯ್ಯನವರು ಅವರ ಶಿಷ್ಯರು. ಕೃಷ್ಣಪ್ಪನವರು 1931ರಲ್ಲಿ ತೀರಿಕೊಂಡರು. ಅವರು ಹಾಡಿದ ಅರಮನೆಯ ಆಸ್ಥಾನವು ಇಂದು ಇಲ್ಲ. ಅವರು ಕಟ್ಟಿದ ಮಂದಿರವಿದೆ.

ಅದೇ ಮೈಸೂರಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ‘ವಿಠ್ಠಲ ವಿಹಾರ’ವೆಂಬ ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ತೆರೆದರು. ಮೊದಲಿಗೆ ಅದರ ಯಂತ್ರದ ಶಕ್ತಿ 30 ವಾಟು ಮಾತ್ರ. ಇಂದು ಬೀದಿಯಲ್ಲಿ ಹಚ್ಚುವ ಒಂದು ದೀಪದಷ್ಟೂ ಅಲ್ಲ! ಆ ದೀಪದಿಂದ ಸಂಗೀತ, ಭಾಷಣ, ಕಾವ್ಯವಾಚನಗಳು ಮೈಸೂರಿನ ಮನೆಗಳನ್ನು ಮುಟ್ಟಿದವು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ತಮ್ಮ ಕೈಯ ಹಣವನ್ನು ವೆಚ್ಚಮಾಡುತ್ತ, ಪುರಸಭೆಯಿಂದಲೂ ಅಭಿಮಾನಿಗಳಿಂದಲೂ ಬಂದಷ್ಟು ನೆರವನ್ನು ಕೂಡಿಸಿಕೊಳ್ಳುತ್ತ, ಸುಮಾರು ಆರು ವರ್ಷ ಅದನ್ನು ನಡೆಸಿದರು. ಆಮೇಲೆ ಖಾಸಗಿ ವ್ಯಕ್ತಿಯೊಬ್ಬನ ಶಕ್ತಿಗೆ ಅದು ಮೀರಿತು. 1940ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರದ ವಶವಾಯಿತು. 1950ರ ದಶಕದಲ್ಲಿ ಇಡೀ ಭಾರತದ ಬಾನುಲಿ ವ್ಯವಸ್ಥೆಗೇ ಆಕಾಶವಾಣಿ ಎಂಬ ಹೆಸರು ನಿಂತಿತು. ಒಂಟಿ ಮನೆಯೊಂದರಲ್ಲಿ ಕನ್ನಡಿಗರಿಟ್ಟ ಹೆಸರನ್ನು ಹಿಮಾಲಯದವರೆಗೆ ಜನರು ನುಡಿಯುವಂತಾಯಿತು. ನಮಗೆ ಇದಕ್ಕಿಂತ ಹೆಚ್ಚಿನ ಹೆಮ್ಮೆ ಬೇಕೆ?

ಈ ಮೂರು ಉದಾಹರಣೆಗಳಿಂದ ಒಂದು ಸತ್ಯವು ಸ್ಪಷ್ಟವಾಗುವುದು. ಹೊಸದನ್ನು ಮೊದಲು ಕಾಣುವ ಕಣ್ಣು ಸರ್ಕಾರಕ್ಕಿಲ್ಲ. ಇರುವುದು ಸಾಧ್ಯವೂ ಅಲ್ಲ. ಸರ್ಕಾರವು ನಿಯಮದಿಂದ ನಡೆಯತಕ್ಕದ್ದು. ಇಲ್ಲದ ವಸ್ತುವಿಗೆ ನಿಯಮವಿರುವುದಿಲ್ಲ. ನಿಯಮವಿಲ್ಲದುದಕ್ಕೆ ಹಣ ಮಂಜೂರಾಗುವುದಿಲ್ಲ. 1935ರಲ್ಲಿ ಬಾನುಲಿಗೆಂದು ಅರ್ಜಿ ಹಾಕಿಕೊಂಡು ಕುಳಿತಿದ್ದರೆ ಗೋಪಾಲಸ್ವಾಮಿಯವರು ಕುಳಿತೇ ಇರುತ್ತಿದ್ದರು. ಮೊದಲು ಯಾರೋ ಒಬ್ಬರು ಹುಚ್ಚರಂತೆ ಮುಂದೆ ನಡೆಯಬೇಕು; ಅವರು ನಡೆದ ದಾರಿಗೆ ಆಮೇಲೆ ಸರ್ಕಾರವು ಕಲ್ಲು ಹಾಸೀತು.

ಆದರೆ ಅಷ್ಟರಿಂದಲೇ ವಾದವು ಮುಗಿಯಲಿಲ್ಲ. ಒಬ್ಬರೇ ನಡೆದ ದಾರಿಯಲ್ಲಿ ಹುಲ್ಲು ಬೆಳೆಯುವುದೂ ಬೇಗ. ತಿರುಮಲಾಂಬೆಯವರ ಪತ್ರಿಕೆಗೆ ಆದ ಗತಿಯನ್ನು ಕಂಡೆವು. ಹಾಗಾದರೆ ನೂರು ವರ್ಷ ಬಾಳುವಂಥದು ಯಾವುದು? ಅದಕ್ಕೆ ಧಾರವಾಡವನ್ನು ನೋಡಬೇಕು.

ಮೈಸೂರಿನವರಾದ ನಮಗೆ ಕನ್ನಡವು ಅರಮನೆಯ ಭಾಷೆಯಾಗಿಯೂ ಇದ್ದಿತು, ಶಾಲೆಯ ಭಾಷೆಯಾಗಿಯೂ ಇದ್ದಿತು. ಧಾರವಾಡದವರಿಗೆ ಆ ಭಾಗ್ಯವಿರಲಿಲ್ಲ. ಅವರು ಮುಂಬಯಿ ಇಲಾಖೆಗೆ ಸೇರಿದ್ದರು. ಕಚೇರಿಯಲ್ಲಿ, ವಿದ್ಯೆಯಲ್ಲಿ ಮರಾಠಿಯ ಪ್ರಾಬಲ್ಯವಿದ್ದಿತು. ಕನ್ನಡಿಗರು ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲವದು: ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು. ತಮ್ಮದೆನ್ನುವ ಸರ್ಕಾರವಿಲ್ಲದವರು ತಮ್ಮದೆನ್ನುವ ಸಂಘವನ್ನು ಕಟ್ಟಿಕೊಂಡರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಗ್ರಂಥಗಳನ್ನು ಅಚ್ಚುಹಾಕಿತು, ‘ವಾಗ್ಭೂಷಣ’ವೆಂಬ ಪತ್ರಿಕೆಯನ್ನು ನಡೆಸಿತು, 1907, 1908ರಲ್ಲಿ ಗ್ರಂಥಕರ್ತರನ್ನು ಒಂದೆಡೆ ಸೇರಿಸಿತು. ಆಲೂರ ವೆಂಕಟರಾಯರಂಥವರು ಆ ಅಂಗಳದಲ್ಲಿಯೇ ನಡೆದಾಡಿ ಬೆಳೆದರು. ಏಕೀಕರಣವೆಂಬ ಮಾತು ಯಾವುದಾದರೂ ಸರ್ಕಾರದ ಕಡತದಲ್ಲಿ ಹುಟ್ಟಿದುದಲ್ಲ. ಸಂಘಗಳಲ್ಲಿ, ನಾಡಹಬ್ಬಗಳಲ್ಲಿ, ವಾಚನಾಲಯಗಳಲ್ಲಿ, ನಾಟಕದ ರಂಗದ ಮೇಲೆ ಹುಟ್ಟಿತು. 1924ರ ಬೆಳಗಾವಿಯ ಏಕೀಕರಣ ಪರಿಷತ್ತು, 1956ರ ನವೆಂಬರ್ 1ರ ಉದಯ, 1973ರಲ್ಲಿ ನಾಡಿಗೆ ಕರ್ನಾಟಕವೆಂಬ ಹೆಸರು, ಇವೆಲ್ಲವೂ ಆ ಬಿತ್ತಿದ ಬೀಜದ ಫಲಗಳು. ಸರ್ಕಾರವು ಸಂಘವನ್ನು ಮಾಡಲಿಲ್ಲ. ಸಂಘವೇ ಸರ್ಕಾರವನ್ನು ಮಾಡಿತು. ದೇಶಪಾಂಡೆಯವರು ಹೋದರು, ಆಲೂರರು ಹೋದರು, ವಿದ್ಯಾವರ್ಧಕ ಸಂಘವಿದೆ.

ಇಲ್ಲಿ ಒಬ್ಬ ಮಿತ್ರರು ಎದ್ದುನಿಂತು ಕೇಳಬಹುದು: “ಅಂದು ಸರ್ಕಾರ ಪರರದಾಗಿತ್ತು, ಸಂಘ ಬೇಕಾಯಿತು. ಈಗ ಸರ್ಕಾರ ನಮ್ಮದು, ಕನ್ನಡಿಗರದು. ಅಕಾಡೆಮಿಗಳಿವೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿದೆ, ಮೈಸೂರಿನಲ್ಲಿ 1989ರಿಂದ ರಂಗಾಯಣವಿದೆ. ಇನ್ನೂ ಹೊರಗೆ ನಿಂತು ಕೆಲಸಮಾಡುವ ಛಲವೇಕೆ?” ಪ್ರಶ್ನೆಯು ಯೋಗ್ಯವಾದುದು, ಉತ್ತರವನ್ನೂ ನೇರವಾಗಿಯೇ ಕೊಡಬೇಕು.

ರಂಗಾಯಣವು ಬಿ. ವಿ. ಕಾರಂತರಂಥ ಮಹಾಪ್ರತಿಭೆಯಿಂದ ಆರಂಭವಾದ ಸಂಸ್ಥೆ. ಅದರಿಂದ ನಾಡಿಗಾದ ಉಪಕಾರ ದೊಡ್ಡದು. ಅಕಾಡೆಮಿಗಳು ಪ್ರಕಟಿಸಿದ ಗ್ರಂಥಗಳು ನಮ್ಮೆಲ್ಲರ ಮನೆಗಳಲ್ಲಿವೆ. ಆದರೆ ಪ್ರಜಾರಾಜ್ಯದಲ್ಲಿ ಸರ್ಕಾರಗಳು ಬದಲಾಗತಕ್ಕವು, ಬದಲಾಗಬೇಕಾದವು. 2019ರಲ್ಲಿಯೂ 2023ರಲ್ಲಿಯೂ ಆಳುವ ಪಕ್ಷವು ಬದಲಾದಾಗ ಏನಾಯಿತೆಂಬುದನ್ನು ತಾವೆಲ್ಲ ಬಲ್ಲಿರಿ. ಅಕಾಡೆಮಿಗಳ ಹಿಂದಿನ ಅಧ್ಯಕ್ಷರೂ ಸದಸ್ಯರೂ ಹೊರಟರು, ಹೊಸಬರು ಬರುವವರೆಗೆ ತಿಂಗಳುಗಳು ಉರುಳಿದವು, ಕುರ್ಚಿಗಳು ಬರಿದಾಗಿದ್ದವು. ಯಾವ ಪಕ್ಷದ ಮೇಲೂ ದೋಷವನ್ನು ಹೊರಿಸುವುದಕ್ಕೆ ನಾವು ಈ ಮಾತನ್ನು ಆಡುತ್ತಿಲ್ಲ. ಎಲ್ಲ ಪಕ್ಷಗಳೂ ಹೀಗೆಯೇ ಮಾಡುತ್ತ ಬಂದಿವೆ. ನಮ್ಮ ಅಭಿಪ್ರಾಯವಿಷ್ಟೆ: ಚುನಾವಣೆಯ ಗಾಳಿ ಬೀಸಿದಾಗಲೆಲ್ಲ ಅಲುಗಾಡುವ ಕೊಂಬೆಯ ಮೇಲೆ ಕನ್ನಡದ ಕಲೆಯು ತನ್ನ ಒಂದೇ ಗೂಡನ್ನು ಕಟ್ಟಿಕೊಳ್ಳಬಾರದು.

ಹೊರಗೆ ನಿಂತ ಸಂಸ್ಥೆಯೊಂದು ಎಷ್ಟು ದೂರ ಹೋಗಬಹುದೆಂಬುದಕ್ಕೆ ಹೆಗ್ಗೋಡಿನ ನೀಲಕಂಠೇಶ್ವರ ನಾಟ್ಯಸೇವಾ ಸಂಘಕ್ಕಿಂತ ಉತ್ತಮ ಸಾಕ್ಷಿಯಿಲ್ಲ. ಸಾಗರದ ಹತ್ತಿರದ ಅಡಕೆ ತೋಟಗಳ ನಡುವಣ ಒಂದು ಹಳ್ಳಿಯದು. 1949ರಲ್ಲಿ ಊರವರು ಸೇರಿ ನಾಟಕವಾಡುವುದಕ್ಕೆಂದು ಈ ಸಂಘವನ್ನು ಮಾಡಿಕೊಂಡರು. ಕೆ. ವಿ. ಸುಬ್ಬಣ್ಣನವರು ಅದಕ್ಕೆ ಬೆನ್ನೆಲುಬಾದರು. ಗಮನಿಸಬೇಕು, ಮೊದಲು ಕಟ್ಟಡ ಬರಲಿಲ್ಲ. ಅವರ ಶಿವರಾಮ ಕಾರಂತ ರಂಗಮಂದಿರವು ಸಿದ್ಧವಾದುದು 1972ರಲ್ಲಿ. ಎಂದರೆ ಸಂಘ ಹುಟ್ಟಿ 23 ವರ್ಷಗಳ ಮೇಲೆ! ಅಷ್ಟು ಕಾಲ ಅವರು ಆಡಿದರು, ಓದಿದರು, ಚರ್ಚಿಸಿದರು. ಕಟ್ಟಡಕ್ಕೆ ಬೇಕಾದ ಜನರನ್ನು ಕಟ್ಟಿಕೊಂಡರು. 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿ ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ರೈತಾಪಿ ಜನರಿಗೆ ತೋರಿಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ‘ತಿರುಗಾಟ’. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿಯು ಬಂದಿತು. 2005ರಲ್ಲಿ ಸುಬ್ಬಣ್ಣನವರು ತೀರಿಕೊಂಡರು. ಸಂಘದ ಕೆಲಸವು ನಿಲ್ಲಲಿಲ್ಲ.

ತಿರುಗಾಟದ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಕಡಕೊಳದಂಥ ಊರಿಗೆ ಅದರಲ್ಲಿಯೇ ಪಾಠವಿದೆ. ತರಬೇತಿಯಾದ ನಟರ ತಂಡವೊಂದು ಕೆಲವು ನಾಟಕಗಳನ್ನು ಸಿದ್ಧಮಾಡಿಕೊಂಡು, ರಂಗಸಾಮಗ್ರಿಯನ್ನು ವಾಹನದಲ್ಲಿ ಹೇರಿಕೊಂಡು, ತಿಂಗಳುಗಟ್ಟಲೆ ನಾಡನ್ನು ಸುತ್ತುವುದು. ಯಾವ ಊರಿನಲ್ಲಿ ಅವರನ್ನು ಕರೆಯಿಸಿಕೊಳ್ಳುವ ಒಂದು ಸಂಘವಿದೆಯೋ ಆ ಊರಿಗೆ ಬರುವರು. ಆ ಸಂಘವು ಗೊತ್ತಾದ ಸಂಭಾವನೆಯನ್ನು ಕೊಡಬೇಕು, ಸ್ಥಳವನ್ನು ಅಣಿಮಾಡಬೇಕು, ನಟರಿಗೆ ಊಟ ವಸತಿಗಳನ್ನು ನೋಡಿಕೊಳ್ಳಬೇಕು, ಜನರನ್ನು ಕೂಡಿಸಬೇಕು. ಹಾಗಾದರೆ ತಿರುಗಾಟವು ನಿಂತಿರುವುದು ಹೆಗ್ಗೋಡಿನ ಮೇಲಷ್ಟೇ ಅಲ್ಲ. ನಾಡಿನ ನೂರಾರು ಊರುಗಳಲ್ಲಿ ಹೆಸರಿಲ್ಲದೆ ದುಡಿಯುವ ಉಪಾಧ್ಯಾಯರು, ಅಂಗಡಿಯವರು, ಬ್ಯಾಂಕಿನ ಗುಮಾಸ್ತರು, ತರುಣರು ಸೇರಿದ ಸಣ್ಣ ಸಣ್ಣ ಸಂಘಗಳ ಮೇಲೆ. ಅವರು ಚೀಟಿ ಮಾರಿ, ವಂತಿಗೆ ಎತ್ತಿ, ಮನೆಯಿಂದ ಚಾಪೆ ತಂದು ಹಾಸದಿದ್ದರೆ ತಿರುಗಾಟಕ್ಕೆ ತಿರುಗಲು ಊರುಗಳೇ ಇರುತ್ತಿರಲಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಮಠವು 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ 1997ರಲ್ಲಿ ಶಿವಸಂಚಾರವನ್ನೂ ಆರಂಭಿಸಿ ಇದೇ ದಾರಿಯಲ್ಲಿ ನಡೆಯಿತು. ಹೊನ್ನಾವರದ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯು ಮಗ, ಮೊಮ್ಮಗನ ಕಾಲದವರೆಗೂ ಗೆಜ್ಜೆ ಬಿಚ್ಚದೆ ನಡೆದುಬಂದಿದೆ.

ಒಳಗೂ ಹೊರಗೂ ಹಗೆತನವಿಲ್ಲವೆಂಬುದಕ್ಕೆ ಮೈಸೂರಿನ ‘ನಟನ’ವೇ ನಿದರ್ಶನ. ಅದನ್ನು ಕಟ್ಟಿದ ಮಂಡ್ಯ ರಮೇಶರು ಹೆಗ್ಗೋಡಿನಲ್ಲಿ ಕಲಿತವರು, ರಂಗಾಯಣದಲ್ಲಿ ನುರಿತವರು, ಆಮೇಲೆ ಹೊರಬಂದು ಸ್ವಂತ ರಂಗಶಾಲೆಯನ್ನು ನಡೆಸಿದವರು. ಸಂಘದಲ್ಲಿ ಮೊಳೆತ ವಿದ್ಯೆ ಸರ್ಕಾರದ ಸಂಸ್ಥೆಯಲ್ಲಿ ಹದವಾಗಿ ತಿರುಗಿ ಸಂಘಕ್ಕೇ ಬಂದಿತು. ಹೀಗೆ ನೀರು ಎರಡೂ ಕಡೆ ಹರಿಯುತ್ತಿರಬೇಕು. ಒಂದೇ ಕಡೆಗೆ ಹರಿದರೆ ಒಂದು ಕೆರೆ ಕೊಳೆಯುವುದು, ಇನ್ನೊಂದು ಒಣಗುವುದು.

ಇನ್ನು ಹಣದ ಮಾತು. ಸರ್ಕಾರದ ಒಂದು ಕಾಸನ್ನೂ ಮುಟ್ಟಬಾರದೆಂಬ ವ್ರತವನ್ನು ನಾವು ಬೋಧಿಸುವವರಲ್ಲ. ಹೆಗ್ಗೋಡಿನವರೂ ಸರ್ಕಾರದ ನೆರವನ್ನು ಪಡೆದಿದ್ದಾರೆ. 1980ರ ದಶಕದಲ್ಲಿ ‘ಜನಸ್ಪಂದನ’ವೆಂಬ ಯೋಜನೆಗೆ ಫೋರ್ಡ್ ಪ್ರತಿಷ್ಠಾನದ ಸಹಾಯವನ್ನೂ ಪಡೆದರು. ಆ ಹಣ ಮುಗಿಯಿತು, ಸಂಘ ಮುಗಿಯಲಿಲ್ಲ. ಸರ್ಕಾರದ ಹಣವೆಂದರೆ ಜನರ ತೆರಿಗೆಯ ಹಣವೇ. ಅದರಲ್ಲಿ ಕಲೆಗೂ ಪಾಲುಂಟು. ನೆರವನ್ನು ಪಡೆಯುವುದು ತಪ್ಪಲ್ಲ. ನೆರವು ಬಾರದಿದ್ದರೆ ದೀಪವೇ ಆರಿಹೋಗುವಂತೆ ಬಾಳುವುದು ತಪ್ಪು. ಅನುದಾನವು ಮಳೆಯಂತೆ, ಬಂದರೆ ಸಂತೋಷ. ಆದರೆ ಮನೆಯ ಬಾವಿಯನ್ನು ಮುಚ್ಚಿ ಆಕಾಶವನ್ನು ನೋಡುತ್ತ ಕೂರುವ ಒಕ್ಕಲಿಗನನ್ನು ಜಾಣನೆನ್ನುವವರಾರು?

ಈ ಬುದ್ಧಿಯನ್ನು ನಾವು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ, ಪೆಟ್ಟು ತಿಂದು ಕಲಿತಿದ್ದೇವೆ. ಹಿಂದೊಮ್ಮೆ ನಾವು ಕೆಲವು ಉಪಾಧ್ಯಾಯರು ಸೇರಿ ಒಂದು ಸಣ್ಣ ಊರಿನಲ್ಲಿ ಹವ್ಯಾಸಿ ನಾಟಕಮಂಡಳಿಯನ್ನು ನಡೆಸುತ್ತಿದ್ದೆವು. ಮೊದಲ ನಾಲ್ಕು ವರ್ಷ ಊರವರ ವಂತಿಗೆಯೇ ಆಧಾರ. ಸುಗ್ಗಿಯ ಕಾಲದಲ್ಲಿ ಮನೆಮನೆಗೆ ಹೋಗುತ್ತಿದ್ದೆವು. ದುಡ್ಡಿದ್ದವರು ದುಡ್ಡು, ಇಲ್ಲದವರು ಎರಡು ಸೇರು ರಾಗಿ ಕೊಡುತ್ತಿದ್ದರು. ಐದನೆಯ ವರ್ಷ ಒಂದು ಅನುದಾನವು ದೊರೆಯಿತು. ಮೊತ್ತ ದೊಡ್ಡದು. ನಮಗೆ ಗರ್ವವೂ ಬಂದಿತು. ಇನ್ನು ಮನೆಮನೆಗೆ ಹೋಗಿ ಕೈಯೊಡ್ಡುವ ಅವಮಾನವೇಕೆಂದು ವಂತಿಗೆಯನ್ನು ನಿಲ್ಲಿಸಿಬಿಟ್ಟೆವು. ಎರಡು ವರ್ಷ ವೈಭವದಿಂದ ನಡೆಯಿತು. ಮೂರನೆಯ ವರ್ಷ ಹಣ ಬರಲಿಲ್ಲ. ಬರುವುದೆಂಬ ಭರವಸೆಯ ಮೇಲೆ ಸಾಲಮಾಡಿ ನಾಟಕವಾಡಿದೆವು. ನಾಲ್ಕನೆಯ ವರ್ಷವೂ ಬರಲಿಲ್ಲ. ಆಗ ಹಳೆಯ ಮನೆಗಳ ಬಾಗಿಲಿಗೇ ಹೋದೆವು. ಒಬ್ಬ ಮುದುಕಿ, ನಮಗೆ ವರ್ಷವರ್ಷವೂ ರಾಗಿ ಕೊಟ್ಟ ತಾಯಿ, “ಈಗ ನಿಮಗೆ ಸರ್ಕಾರದೋರೇ ಕೊಡ್ತಾರಂತಲ್ಲಪ್ಪ, ನಮ್ಮ ರಾಗಿ ಯಾತಕ್ಕೆ?” ಎಂದು ಕೇಳಿದಳು. ಆಕೆ ಕೊಂಕು ನುಡಿಯಲಿಲ್ಲ, ನಿಜವಾಗಿ ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ವರ್ಷ ಹಾರ್ಮೋನಿಯಂ, ಪರದೆಗಳನ್ನು ಮಾರಿ ಸಾಲ ತೀರಿಸಿದೆವು, ಮಂಡಳಿ ಮುಚ್ಚಿತು. ಕೊಡದವರ ತಪ್ಪನ್ನು ನಾವು ಬಹುಕಾಲ ಎಣಿಸಿದೆವು. ಆಮೇಲೆ ತಿಳಿಯಿತು, ತಪ್ಪು ನಮ್ಮದು. ನಾವು ಆ ತಾಯಿಯ ಎರಡು ಸೇರು ರಾಗಿಯನ್ನು ಬೇಡವೆಂದ ದಿನವೇ ಮಂಡಳಿಯು ಮುಚ್ಚಿಹೋಗಿತ್ತು. ಆಕೆ ಕೊಡುತ್ತಿದ್ದುದು ರಾಗಿಯಲ್ಲ; ‘ಇದು ನನ್ನದು’ ಎಂಬ ಅಭಿಮಾನ. ಆ ಅಭಿಮಾನವನ್ನು ಯಾವ ಖಜಾನೆಯೂ ಮಂಜೂರುಮಾಡಲಾರದು.

ಈಗ ಕಣ್ಣನ್ನು ಒಂದಿಷ್ಟು ದೂರಕ್ಕೆ ಹಾಯಿಸೋಣ. ನಾಡು ಒಂದಾಯಿತೆಂದು ನಾವು ವರ್ಷವರ್ಷವೂ ಹಬ್ಬ ಮಾಡುತ್ತೇವೆ. ಆದರೆ 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಕರ್ನಾಟಕಕ್ಕೆ ಬರಬೇಕೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿತು. ಆ ವರದಿಯು ಜಾರಿಗೆ ಬರಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ನೆಲ, ಕುಂಬಳೆಯ ಪಾರ್ತಿಸುಬ್ಬನ ನೆಲ, ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ ಏಕೀಕರಣಕ್ಕಾಗಿ ಕೂಗಿದ ನೆಲ ಗೆರೆಯ ಆಚೆಗೆ ಉಳಿಯಿತು. ಅಲ್ಲಿ ಕನ್ನಡವನ್ನು ಕಾಪಾಡಿದುದು ಯಾವ ಇಲಾಖೆ? ರಾತ್ರಿಯೆಲ್ಲ ಚೆಂಡೆ ಬಡಿದ ಯಕ್ಷಗಾನ ಮೇಳಗಳು, ತಾಳಮದ್ದಳೆಯ ಕೂಟಗಳು, ಕನ್ನಡ ಶಾಲೆಯ ಉಪಾಧ್ಯಾಯರು, ಊರ ಸಂಘಗಳು. ಮುಂಬಯಿಗೆ ಹೊಟ್ಟೆಪಾಡಿಗಾಗಿ ಹೋದವರು 1926ರಲ್ಲಿಯೇ ಮೈಸೂರು ಅಸೋಸಿಯೇಷನ್ನನ್ನು ಕಟ್ಟಿಕೊಂಡು ಅಲ್ಲಿ ಕನ್ನಡ ನಾಟಕಗಳನ್ನಾಡಿದರು. ಸರ್ಕಾರದ ನೆರಳಿಲ್ಲದ ಕಡೆ ಸಂಘದ ನೆರಳಿನಲ್ಲಿ ಕನ್ನಡವು ಬದುಕಿದೆ. ಹೀಗಿರುವಾಗ, ನೆರಳು ಧಾರಾಳವಾಗಿರುವ ಮೈಸೂರು ಸೀಮೆಯವರಾದ ನಾವು, ಒಂದು ಗಿಡವನ್ನೂ ನೆಡದೆ ಇನ್ನೊಂದು ಚಪ್ಪರಕ್ಕಾಗಿ ಅರ್ಜಿ ಬರೆಯುವುದಾದರೆ, ಕಾಸರಗೋಡಿನ ಸೋದರರು ನಮ್ಮನ್ನು ಕುರಿತು ಏನೆಂದುಕೊಂಡಾರು?

ಕೆಲವರು ಇನ್ನೊಂದು ಆಕ್ಷೇಪವನ್ನು ಎತ್ತಿರುವರು: ಮೈಸೂರು ಅರ್ಧಗಂಟೆಯ ದಾರಿ, ನಾಟಕ ನೋಡಬೇಕೆಂದರೆ ಅಲ್ಲಿಗೆ ಹೋದರಾಯಿತು, ಕಡಕೊಳದಲ್ಲಿ ಬೇರೆ ಸಂಘವೇಕೆ? ಹೋಗಬಲ್ಲವರು ಹೋಗಲಿ. ಪಾಳಿ ಮುಗಿಸಿ ರಾತ್ರಿ ಮನೆಗೆ ಬರುವ ಕಾರ್ಖಾನೆಯ ಕೆಲಸಗಾರ ಹೋಗುವನೆ? ಅವನ ಹೆಂಡತಿ ಕೂಸನ್ನೆತ್ತಿಕೊಂಡು ಕೊನೆಯ ಬಸ್ಸಿಗೆ ಕಾಯುವಳೆ? ಬೇರೆ ಬೇರೆ ಸೀಮೆಗಳಿಂದ, ಬೇರೆ ರಾಜ್ಯಗಳಿಂದ ಈ ಕಾರ್ಖಾನೆಗಳಿಗೆ ಬಂದವರು ಇಲ್ಲಿ ನೆಲೆಸಿದ್ದಾರೆ. ಕನ್ನಡವು ಅವರಿಗೆ ಫಲಕದ ಮೇಲಿನ ಅಕ್ಷರವಾಗಿ ಮಾತ್ರ ಕಾಣಬೇಕೆ? ನಮ್ಮ ಅಂಗಳದಲ್ಲಿ ಅವರ ಮಕ್ಕಳೂ ನಮ್ಮ ಮಕ್ಕಳ ಜೊತೆಗೆ ಬಣ್ಣ ಹಚ್ಚಿ ಕನ್ನಡದಲ್ಲಿ ಎರಡು ಮಾತನಾಡಿದರೆ ನಡೆಯುವ ಕೆಲಸವನ್ನು ಹತ್ತು ಆಜ್ಞಾಪತ್ರಗಳು ಮಾಡಲಾರವು. ಒಕ್ಕೂಟವೆಂದರೆ ಭೂಪಟದ ಮೇಲಿನ ಗೆರೆಯಷ್ಟೇ ಅಲ್ಲ; ಒಂದು ಚಾಪೆಯ ಮೇಲೆ ಕುಳಿತು ಒಂದು ಕತೆಯನ್ನು ಕೇಳುವುದೂ ಒಕ್ಕೂಟವೇ.

ಈಗ ನಮ್ಮ ತಿದ್ದುಪಡಿಗೆ ಬರುವೆವು. ಕಲಾಮಂದಿರವನ್ನು ಕೇಳುವ ಗೊತ್ತುವಳಿಯನ್ನು ಕೈಬಿಡಬೇಕೆಂದು ನಾವು ಹೇಳುವುದಿಲ್ಲ. ಅದಕ್ಕೆ ಮೊದಲು ಕಡಕೊಳದಲ್ಲಿ ಒಂದು ಸಂಘವು ಹುಟ್ಟತಕ್ಕದ್ದು, ಅದು ಒಂದು ವರ್ಷ ಸ್ವಂತ ಬಲದಿಂದ ನಡೆಯತಕ್ಕದ್ದು, ಆಮೇಲೆ ಅದೇ ಸಂಘವು ಕಲಾಮಂದಿರಕ್ಕಾಗಿ ಅರ್ಜಿ ಸಲ್ಲಿಸತಕ್ಕದ್ದು. ಇಷ್ಟೇ ನಮ್ಮ ಸೂಚನೆ. ಜನರಿಲ್ಲದ ಕಲಾಮಂದಿರಗಳನ್ನು ನಾವು ಎಷ್ಟೋ ಊರುಗಳಲ್ಲಿ ಕಂಡಿದ್ದೇವೆ. ಉದ್ಘಾಟನೆಯ ಕಲ್ಲಿನ ಮೇಲೆ ಹೆಸರುಗಳು ಮಿನುಗುತ್ತಿರುತ್ತವೆ. ಒಳಗೆ ಬಾವಲಿಗಳು ಕಚೇರಿ ನಡೆಸುತ್ತಿರುತ್ತವೆ.

ಸಂಘ ಕಟ್ಟುವುದು ಮಹಾಸಾಹಸವೇನೂ ಅಲ್ಲ. ಕರ್ನಾಟಕ ಸಂಘಗಳ ನೋಂದಣಿಯ 1960ರ ಕಾಯಿದೆಯಂತೆ ಏಳು ಜನರು ಸೇರಿದರೆ ಒಂದು ಸಂಘವಾಗಬಹುದು. ಈ ಸಭೆಯಲ್ಲಿ ಏಳು ಜನ ಸಿಕ್ಕುವುದಿಲ್ಲವೆ? ಉದ್ದೇಶಗಳನ್ನೂ ನಿಯಮಗಳನ್ನೂ ಬರೆಯಬೇಕು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು. ಲೆಕ್ಕವನ್ನು ತಪಾಸಣೆ ಮಾಡಿಸಿ ಒಪ್ಪಿಸಬೇಕು. ಕಾಯಿದೆ ಕೇಳುವುದು ಇಷ್ಟು. ನಮ್ಮ ಅನುಭವವು ಇನ್ನೂ ಕೆಲವನ್ನು ಕೇಳುತ್ತದೆ. ಒಂದನೆಯದಾಗಿ, ವಂತಿಗೆ ಎಷ್ಟೇ ಚಿಕ್ಕದಾಗಿರಲಿ, ಪ್ರತಿಯೊಂದು ಮನೆಯಿಂದಲೂ ಬರಬೇಕು. ಒಬ್ಬ ಧನಿಕನ ಲಕ್ಷಕ್ಕಿಂತ ಸಾವಿರ ಮನೆಗಳ ನೂರು ರೂಪಾಯಿ ಗಟ್ಟಿ. ಎರಡನೆಯದಾಗಿ, ಲೆಕ್ಕವನ್ನು ಪೆಟ್ಟಿಗೆಯಲ್ಲಿಡದೆ ವರ್ಷಕ್ಕೊಮ್ಮೆ ಎಲ್ಲರೆದುರು ಓದಬೇಕು. ಸಂಘಗಳು ಬಡತನದಿಂದ ಸಾಯುವುದಕ್ಕಿಂತ ಸಂಶಯದಿಂದ ಸಾಯುವುದೇ ಹೆಚ್ಚು. ಮೂರನೆಯದಾಗಿ, ಅಧ್ಯಕ್ಷಸ್ಥಾನದಲ್ಲಿ ಯಾರೂ ಬೇರುಬಿಡಬಾರದು. ಒಬ್ಬನ ಹೆಸರಿನಿಂದ ಬೆಳೆದ ಸಂಘವು ಅವನ ಜೊತೆಗೇ ಮಸಣಕ್ಕೆ ಹೋಗುವುದು. ನಾಲ್ಕನೆಯದಾಗಿ, ಕಾರ್ಯಕಾರಿ ಮಂಡಳಿಯಲ್ಲಿ ಹೆಣ್ಣುಮಕ್ಕಳಿರಬೇಕು, ಎಲ್ಲ ಕೇರಿಗಳವರೂ ಇರಬೇಕು. ತಿರುಮಲಾಂಬೆಯವರ ನೆರೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲವೆಂದು ನಂಬಿದ್ದೇವೆ.

ಕೆಲಸವೂ ಚಿಕ್ಕದರಿಂದ ಆರಂಭವಾಗಲಿ. ತಿಂಗಳಿಗೊಂದು ಸಂಜೆ, ಶಾಲೆಯ ಅಂಗಳ, ಒಂದು ದೀಪ. ಒಂದು ತಿಂಗಳು ಗಮಕ, ಒಂದು ತಿಂಗಳು ಊರಿನ ಸೋಬಾನೆ ಹಾಡುವ ತಾಯಂದಿರು, ಒಂದು ತಿಂಗಳು ಮಕ್ಕಳ ನಾಟಕ, ಒಂದು ತಿಂಗಳು ಹೊಸ ಪುಸ್ತಕವೊಂದರ ಪರಿಚಯ. ನೀಲಗಾರರ ಮಂಟೇಸ್ವಾಮಿ ಕಾವ್ಯ, ದೇವರಗುಡ್ಡರ ಮಾದೇಶ್ವರನ ಕತೆ ಈ ಸೀಮೆಯ ಸ್ವಂತ ಆಸ್ತಿ. ರಾತ್ರಿಯಿಡೀ ಹಾಡಬಲ್ಲವರು ನಮ್ಮ ನಡುವೆಯೇ ಇರುವಾಗ ಕಲಾವಿದರಿಲ್ಲವೆಂದು ಯಾರು ಹೇಳಿಯಾರು? ವರ್ಷದ ಕೊನೆಗೆ ಹೊರಗಿನ ಒಂದು ತಂಡವನ್ನು ಕರೆಯಿಸೋಣ. ಆಗ ಅವರ ಊಟವನ್ನು ಹೋಟೆಲಿಗೆ ಒಪ್ಪಿಸದೆ ಮನೆಮನೆಗೆ ಇಬ್ಬಿಬ್ಬರಂತೆ ಕರೆದೊಯ್ಯೋಣ. ಯಾವ ಮನೆಯಲ್ಲಿ ನಟನೊಬ್ಬನು ಮುದ್ದೆ ಉಂಡನೋ ಆ ಮನೆಯವರು ಮುಂದಿನ ವರ್ಷ ತಾವಾಗಿಯೇ ಬಂದು ವಂತಿಗೆ ಕೊಡುವರು. ಇದು ನಾವು ಕಣ್ಣಾರೆ ಕಂಡುದು.

ಸಭಿಕ ಮಹಾಶಯರೇ, ತಮ್ಮ ಸಹನೆಯನ್ನು ಇನ್ನು ಪರೀಕ್ಷಿಸುವುದಿಲ್ಲ. ಹಿಂದಿನವರು ಸರ್ಕಾರವಿಲ್ಲದಾಗ ಸಂಘವನ್ನು ಕಟ್ಟಿ, ಸಂಘದಿಂದ ನಾಡನ್ನು ಕಟ್ಟಿ, ನಮ್ಮ ಕೈಗೆ ಒಪ್ಪಿಸಿ ಹೋದರು. ನಾಡು ಸಿಕ್ಕಿತೆಂದು ನಾವು ಸಂಘವನ್ನು ಬಿಟ್ಟರೆ ಏಣಿ ಹತ್ತಿದವನು ಏಣಿಯನ್ನು ಸುಟ್ಟಂತಾದೀತು. ಕಡಕೊಳದ ನಿಲ್ದಾಣದಲ್ಲಿ ರೈಲು ನಿಲ್ಲುವುದು ಕ್ಷಣಕಾಲ ಮಾತ್ರ. ಆ ಕ್ಷಣದಲ್ಲಿ ಇಳಿಯುವವನಿಗೆ ಈ ಊರಿನ ಗುರುತು ಯಾವುದಾಗಿರಬೇಕು? ಕಾರ್ಖಾನೆಯ ಹೊಗೆಕೊಳವೆಯೊಂದೇ ಆಗಿರಬೇಕೆ? ಅಥವಾ ‘ಇಲ್ಲಿಯ ಜನ ತಮ್ಮ ರಂಗವನ್ನು ತಾವೇ ಕಟ್ಟಿಕೊಂಡವರು’ ಎಂಬ ಮಾತೂ ಜೊತೆಗೆ ಕೇಳಬೇಕೆ? ಇಂದಿನ ಗೊತ್ತುವಳಿಯ ಮೇಲೆ ಕೈಯೆತ್ತುವ ಮೊದಲು ಪ್ರತಿಯೊ���್ಬರೂ ಇದನ್ನು ಆಲೋಚಿಸಬೇಕೆಂದು ಬೇಡುವೆವು. ಕೈಯೆತ್ತಿದ ಮೇಲೆ ಆ ಕೈಯನ್ನು ಕೆಳಗಿಳಿಸುವ ಮುನ್ನ ಜೇಬಿನಲ್ಲಿರುವ ಒಂದು ಹಿಡಿಯನ್ನು ಈ ಮೇಜಿನ ಮೇಲಿಟ್ಟು ಹೆಸರು ಬರೆಸಬೇಕೆಂದು ಇನ್ನೊಮ್ಮೆ ಬೇಡುವೆವು. ಮೊದಲ ವಂತಿಗೆಯನ್ನು ನಾವೇ ಇಡುತ್ತಿದ್ದೇವೆ.

ಸಿರಿಗನ್ನಡಂ ಗೆಲ್ಗೆ.